ಸುಟ್ಟ ತಂತಿಯ ಸಾಕ್ಷ್ಯ

ಮೋಟಾರುಗಾಡಿಯು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳಲು ಕಲಿತದ್ದು, ರಸ್ತೆಯ ಮೇಲೆ ಓಡಲು ಕಲಿತ ಕಾಲು ಶತಮಾನದ ತರುವಾಯ. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟು ಪಡೆದಂದಿನಿಂದ 1912ರ ಸುಮಾರಿನವರೆಗೆ, ಎಂಜಿನ್ನಿನೊಳಗೆ ಕಿಡಿ ಹುಟ್ಟಿಸುವುದಕ್ಕೆ ಬ್ಯಾಟರಿಯೋ ಮ್ಯಾಗ್ನೆಟೋ ಎಂಬ ಪುಟ್ಟ ಯಂತ್ರವೋ ಇದ್ದಿತಾದರೂ, ಬಹುಪಾಲು ಗಾಡಿಗಳಿಗೆ ಇರುಳಿನಲ್ಲಿ ದಾರಿ ತೋರುತ್ತಿದ್ದುದು ಸೀಮೆಎಣ್ಣೆಯ ದೀಪ, ಇಲ್ಲವೇ ಕಾರ್ಬೈಡಿನ ಮೇಲೆ ನೀರನ್ನು ತೊಟ್ಟಿಕ್ಕಿಸಿ ಹೊರಡಿಸುವ ಅಸಿಟಿಲೀನ್ ಅನಿಲದ ದೀಪ. ಎಂಜಿನ್ನನ್ನು ಎಬ್ಬಿಸುತ್ತಿದ್ದುದು ಮನುಷ್ಯನ ತೋಳು. 1905ರ ಆಗಸ್ಟಿನಲ್ಲಿ ಶಿವಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದಾಗ, ಲೋಕದ ಸಾಮಾನ್ಯ ಮೋಟಾರುಗಾಡಿಯು ಇನ್ನೂ ಕಾರ್ಬೈಡಿನ ಬೆಳಕಿನಲ್ಲಿಯೇ ಸಂಚರಿಸುತ್ತಿತ್ತೆಂಬುದನ್ನು ನೆನೆದರೆ, ಚಲಿಸುವ ವಾಹನದೊಳಗೆ ವಿದ್ಯುತ್ತನ್ನು ಪಳಗಿಸುವುದು ಎಷ್ಟು ದುಸ್ತರವಾದ ಕಾರ್ಯವಾಗಿದ್ದಿತೆಂಬುದು ಹೊಳೆಯುತ್ತದೆ.

ವಿದ್ಯುತ್ತನ್ನು ಹುಟ್ಟಿಸುವ ವಿದ್ಯೆ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಅಯಸ್ಕಾಂತದ ಎದುರಿನಲ್ಲಿ ತಂತಿಯನ್ನು ಚಲಿಸಿದರೆ ಅದರಲ್ಲಿ ಪ್ರವಾಹವು ಉದ್ಭವಿಸುವುದನ್ನು ಫ್ಯಾರಡೆಯು 1831ರಲ್ಲಿಯೇ ಕಂಡಿದ್ದನು. ವಿದ್ಯುತ್ತನ್ನು ಹುಟ್ಟಿಸುವ ಡೈನಮೋ ಎಂಬ ಯಂತ್ರವು ತನ್ನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವವನ್ನೇ ಬೀಜವಾಗಿರಿಸಿಕೊಂಡು, ತಾನು ಹುಟ್ಟಿಸಿದ ಪ್ರವಾಹದಿಂದ ತನ್ನ ಕಾಂತಕ್ಷೇತ್ರವನ್ನು ತಾನೇ ಬೆಳೆಸಿಕೊಳ್ಳಬಲ್ಲುದೆಂಬ ತತ್ತ್ವವನ್ನು 1866-67ರಲ್ಲಿ ಜರ್ಮನಿಯ ಸೀಮನ್ಸ್ ಮತ್ತು ಇಂಗ್ಲೆಂಡಿನ ವ್ಹೀಟ್‌ಸ್ಟನ್, ವಾರ್ಲಿ ಇವರು ಬೇರೆಬೇರೆಯಾಗಿ ಸಾರಿದ್ದರು. ಆದರೆ ಕಾರ್ಖಾನೆಯ ಡೈನಮೋ ಒಂದೇ ವೇಗದಲ್ಲಿ ತಿರುಗುವ ಭಾಗ್ಯಶಾಲಿ. ಅದಕ್ಕೆ ಗಟ್ಟಿಯಾದ ನೆಲವುಂಟು, ಮೇಲೆ ಸೂರುಂಟು, ಬಳಿಯಲ್ಲಿ ಹಗಲಿರುಳು ಕಾದು ಕುಳಿತ ಆಳುಂಟು. ಮೋಟಾರುಗಾಡಿಯ ಡೈನಮೋವಿಗಾದರೋ ಇವಾವುವೂ ಇಲ್ಲ. ಎಂಜಿನ್ನು ನಿಂತಲ್ಲಿಯೇ ಮೆಲ್ಲಗೆ ಉಸಿರಾಡುತ್ತಿರುವಾಗಲೂ, ಇಳಿಜಾರಿನಲ್ಲಿ ಅದರ ಹತ್ತುಪಾಲು ವೇಗದಿಂದ ಧಾವಿಸುವಾಗಲೂ ದೀಪವು ಒಂದೇ ಸಮನಾಗಿ ಉರಿಯಬೇಕು. ಮೈಮೇಲೆ ಕೆಸರು, ಪಕ್ಕದಲ್ಲಿ ಕಾದ ಎಂಜಿನ್ನು, ಸಂದುಗಳಲ್ಲಿ ಎಣ್ಣೆಯ ಜಿನುಗು, ಕೆಳಗಿನಿಂದ ಎಡೆಬಿಡದ ಕುಲುಕಾಟ, ಇವೆಲ್ಲವನ್ನೂ ಸಹಿಸಬೇಕು. ಮತ್ತು ಅದನ್ನು ನಡೆಸುವವನು ವಿದ್ಯುತ್ತಿನ ವಿಷಯದಲ್ಲಿ ಏನನ್ನೂ ತಿಳಿಯದ ಸಾಮಾನ್ಯ ಗೃಹಸ್ಥನಾಗಿರಬಹುದು.

ಈ ಯಂತ್ರದ ಇತಿಹಾಸವನ್ನು ಅದನ್ನು ನಿರ್ಮಿಸಿದವರ ಕಡೆಯಿಂದ ಹೇಳುವುದು ವಾಡಿಕೆ. ನನಗಾದರೋ ಅದು ಕೆಟ್ಟುಹೋದ ಬಗೆಗಳ ಕಡೆಯಿಂದ, ಕೆಟ್ಟುದನ್ನು ಸರಿಪಡಿಸಿದವರ ಕಡೆಯಿಂದ ಹೇಳಬೇಕಾದ ಇತಿಹಾಸವೆಂದು ತೋರುತ್ತದೆ; ಏಕೆಂದರೆ ಡೈನಮೋವಿಗೆ ಕಾಲಕಾಲಕ್ಕೆ ಸೇರಿಕೊಂಡ ಒಂದೊಂದು ಅಂಗವೂ ಹಿಂದಿನ ಒಂದು ಕೇಡಿಗೆ ಕೊಟ್ಟ ಉತ್ತರವೇ ಆಗಿದೆ. ಅದಲ್ಲದೆ ಆ ಕೇಡುಗಳ ಸ್ವಭಾವವೂ ವಿಲಕ್ಷಣವಾದುದು. ಮುರಿದ ಗಾಲಿಯನ್ನೋ ಸೀಳಿದ ಕೊಳವೆಯನ್ನೋ ನೋಡಿದವನಿಗೆ ದೋಷವಿರುವ ಸ್ಥಳವು ಕಣ್ಣಿಗೇ ಕಾಣುತ್ತದೆ. ಡೈನಮೋವಿನಲ್ಲಿ ಸುಟ್ಟ ಭಾಗವು ಬಹುಮಟ್ಟಿಗೆ ಅಪರಾಧಿಯಾಗಿರುತ್ತಿರಲಿಲ್ಲ, ಬೇರೆಡೆಯಲ್ಲಿ ನಡೆದ ಅಪರಾಧಕ್ಕೆ ಸಾಕ್ಷಿಯಾಗಿರುತ್ತಿತ್ತು. ಇದನ್ನರಿಯದೆ ಸುಟ್ಟುದನ್ನು ತೆಗೆದು ಹೊಸದನ್ನು ಕೂರಿಸಿದವನ ಡೈನಮೋ ಕೆಲವೇ ದಿನಗಳಲ್ಲಿ ಪುನಃ ಸುಟ್ಟುಹೋಗುತ್ತಿತ್ತು.

1912ರ ಮಾದರಿಯ ಕ್ಯಾಡಿಲ್ಯಾಕ್ ಗಾಡಿಯೊಡನೆ ಈ ಕಥೆಯ ಮುಖ್ಯಭಾಗವು ಆರಂಭವಾಗುತ್ತದೆ. ಅಮೆರಿಕದ ಒಹಾಯೋ ಸಂಸ್ಥಾನದ ಡೇಟನ್ ಪಟ್ಟಣದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು, ತನ್ನ ಮಿತ್ರ ಎಡ್ವರ್ಡ್ ಡೀಡ್ಸನೊಡನೆ ಕೂಡಿ 1909ರಲ್ಲಿ ಡೆಲ್ಕೋ ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಸ್ಥಾಪಿಸಿದ್ದನು. ಅದಕ್ಕೆ ಮೊದಲು ಅವನು ಅಂಗಡಿಗಳ ಹಣ ಎಣಿಸುವ ಯಂತ್ರಗಳಿಗೆ ವಿದ್ಯುತ್ ಮೋಟಾರನ್ನು ಅಳವಡಿಸಿದವನು. ಕ್ಷಣಕಾಲ ಮಾತ್ರ ದುಡಿಯಬೇಕಾದ ಮೋಟಾರಿನಿಂದ ಅದರ ಅಳತೆಗೆ ಮೀರಿದ ಬಲವನ್ನು ಪಡೆಯಬಹುದೆಂಬ ಅರಿವು ಅವನಿಗೆ ಅಲ್ಲಿಂದಲೇ ಬಂದುದು. ಕ್ಯಾಡಿಲ್ಯಾಕಿಗಾಗಿ ಅವನು ರೂಪಿಸಿದ ಯಂತ್ರದಲ್ಲಿ ಎಂಜಿನ್ನನ್ನು ಎಬ್ಬಿಸುವ ಮೋಟಾರೂ, ಬ್ಯಾಟರಿಯನ್ನು ತುಂಬುವ ಡೈನಮೋವೂ ಒಂದೇ ಒಡಲಿನಲ್ಲಿದ್ದವು. ಎಬ್ಬಿಸುವಾಗ ಬ್ಯಾಟರಿಗಳು ಸಾಲಾಗಿ ಕೂಡಿಕೊಂಡು 24 ವೋಲ್ಟನ್ನು ಕೊಡುತ್ತಿದ್ದವು, ತುಂಬಿಸಿಕೊಳ್ಳುವಾಗ 6 ವೋಲ್ಟಿಗೆ ಇಳಿಯುತ್ತಿದ್ದವು. ಈ ಗಾಡಿಗೆ ಬ್ರಿಟನ್ನಿನ ಡ್ಯೂವರ್ ಟ್ರೋಫಿಯು ಎರಡನೆಯ ಬಾರಿ ದೊರೆಯಿತು. ನಾಲ್ಕಾರು ವರ್ಷಗಳೊಳಗೆ ಅಮೆರಿಕದ ಮೋಟಾರು ತಯಾರಕರಲ್ಲಿ ಹೆಚ್ಚಿನವರು ಇದೇ ಜಾಡನ್ನು ಹಿಡಿದರು. ಆದರೆ ಕೈಯಿಂದ ತಿರುಗಿಸುವ ಕಷ್ಟವು ತಪ್ಪಿದೊಡನೆಯೇ ಬೇರೊಂದು ಕಷ್ಟವು ಮೇಲೆದ್ದಿತು: ಡೈನಮೋವಿನ ವೇಗವನ್ನು ಎಂಜಿನ್ನು ನಿರ್ಧರಿಸುತ್ತಿರಲು, ಅದರ ಉತ್ಪತ್ತಿಯನ್ನು ನಿರ್ಧರಿಸುವವರಾರು?

ಈ ಪ್ರಶ್ನೆಗೆ ಆ ದಶಕವು ಕೊಟ್ಟ ಉತ್ತರಗಳ ವೈವಿಧ್ಯವು ಬೆರಗು ಹುಟ್ಟಿಸತಕ್ಕುದು. ಗ್ರೇ ಆ್ಯಂಡ್ ಡೇವಿಸ್ ಎಂಬ ಸಂಸ್ಥೆಯವರು, ವೇಗವು ಒಂದು ಮಿತಿಯನ್ನು ದಾಟಿದೊಡನೆ ಜಾರಿಕೊಳ್ಳುವ ಕ್ಲಚ್ಚೊಂದನ್ನು ಇರಿಸಿ, ಎಂಜಿನ್ನು ಎಷ್ಟೇ ಓಡಲಿ ಡೈನಮೋ ಮಾತ್ರ ತನ್ನ ನಡಿಗೆಯನ್ನು ಬಿಡದಂತೆ ಮಾಡಿದರು. ಜಾರುವುದೇ ಉದ್ಯೋಗವಾದ ಕ್ಲಚ್ಚು ಬೇಗನೆ ಸವೆಯುವುದು ಸಹಜವೇ. ರಶ್‌ಮೋರನ ಯಂತ್ರದಲ್ಲಿ ಕಬ್ಬಿಣದ ತಂತಿಯ ಸುರುಳಿಯೊಂದಿದ್ದಿತು. ಕಾಯ್ದು ಕೆಂಪಾಗುವ ಹಂತದಲ್ಲಿ ಕಬ್ಬಿಣದ ವಿದ್ಯುನ್ನಿರೋಧವು ಥಟ್ಟನೆ ಏರುವುದೆಂಬ ಗುಣವನ್ನು ಬಳಸಿಕೊಂಡು, ಮಿತಿಮೀರಿದ ಪ್ರವಾಹವನ್ನು ಕ್ಷೇತ್ರಕ್ಕೆ ವಿರುದ್ಧವಾಗಿ ದುಡಿಯುವ ಬೇರೊಂದು ಸುರುಳಿಗೆ ಅದು ತಿರುಗಿಸುತ್ತಿತ್ತು. ಡೆಲ್ಕೋದವರ ಒಂದು ಮಾದರಿಯಲ್ಲಿ ಪಾದರಸ ತುಂಬಿದ ನಳಿಗೆಯಿದ್ದು, ವೋಲ್ಟು ಏರಿದಂತೆಲ್ಲ ಅದರೊಳಗಿನ ದಿಂಡು ಮೇಲೆದ್ದು, ದಿಂಡಿಗೆ ಸುತ್ತಿದ ನಿರೋಧದ ತಂತಿಯು ಪಾದರಸದಿಂದ ಹೊರಬಂದಷ್ಟೂ ಕ್ಷೇತ್ರದ ಪ್ರವಾಹವು ಕ್ಷೀಣಿಸುತ್ತಿತ್ತು. ಬುದ್ಧಿಯ ದೃಷ್ಟಿಯಿಂದ ಇದರಷ್ಟು ಚೆಲುವಾದ ಉಪಾಯವು ಮತ್ತೊಂದಿರಲಾರದು. ಆದರೆ ಕುಲುಕಾಡುವ ಗಾಡಿಯಲ್ಲಿ ಪಾದರಸದ ಬಾವಿಯನ್ನು ಶುದ್ಧವಾಗಿ ಕಾಯುವುದು ಪ್ರಯೋಗಶಾಲೆಯ ಕೆಲಸವೇ ಹೊರತು ಹಳ್ಳಿಯ ದಾರಿಯ ಕೆಲಸವಲ್ಲ.

ಇವೆಲ್ಲವನ್ನೂ ಹಿಂದಿಕ್ಕಿ ಕೊನೆಗೆ ಗೆದ್ದುದು ಮೂರನೆಯ ಬ್ರಶ್ಶು. ಡೈನಮೋವಿನ ತಿರುಗುವ ಭಾಗವಾದ ಆರ್ಮೇಚರಿನ ಒಂದು ತುದಿಯಲ್ಲಿ, ತಾಮ್ರದ ಪಟ್ಟಿಗಳನ್ನು ದುಂಡಗೆ ಜೋಡಿಸಿ ಮಾಡಿದ ಕಮ್ಯುಟೇಟರು ಇರುತ್ತದೆ. ಅದರ ಮೇಲೆ ಒತ್ತಿ ಕುಳಿತ ಎರಡು ಕಾರ್ಬನ್ ಬ್ರಶ್ಶುಗಳ ಮೂಲಕ ವಿದ್ಯುತ್ತು ಹೊರಬರುತ್ತದೆ. ಇವೆರಡರ ನಡುವೆ, ಕ್ಷೇತ್ರದ ಸುರುಳಿಗೆ ಪ್ರವಾಹವನ್ನು ಒದಗಿಸುವುದಕ್ಕಾಗಿ ಮೂರನೆಯದೊಂದು ಸಣ್ಣ ಬ್ರಶ್ಶನ್ನು ಇರಿಸಿದರೆ, ಯಂತ್ರದ ಒಂದು ಸ್ವಾಭಾವಿಕ ದೋಷವೇ ಅದರ ಅಂಕುಶವಾಗಿ ಪರಿಣಮಿಸುತ್ತದೆ. ಆರ್ಮೇಚರಿನಲ್ಲಿ ಹರಿಯುವ ಪ್ರವಾಹವು ತಾನೇ ಒಂದು ಅಯಸ್ಕಾಂತವಾಗಿ, ಕ್ಷೇತ್ರದ ಕಾಂತರೇಖೆಗಳನ್ನು ತಿರುಗುವ ದಿಕ್ಕಿನತ್ತ ಎಳೆದು ಓರೆಮಾಡುತ್ತದೆ. ಪ್ರವಾಹವು ಹೆಚ್ಚಿದಷ್ಟೂ ಈ ಓರೆಯೂ ಹೆಚ್ಚುತ್ತದೆ. ಓರೆ ಹೆಚ್ಚಿದಷ್ಟೂ ಮೂರನೆಯ ಬ್ರಶ್ಶಿಗೆ ದೊರೆಯುವ ವೋಲ್ಟು ಕುಗ್ಗುತ್ತದೆ. ಅದು ಕುಗ್ಗಿದಷ್ಟೂ ಕ್ಷೇತ್ರವು ದುರ್ಬಲವಾಗಿ ಉತ್ಪತ್ತಿಯು ಇಳಿಮುಖವಾಗುತ್ತದೆ. ವಿದ್ಯುದ್ವಿದ್ವಾಂಸರು ಅಲ್ಲಿಯವರೆಗೆ ಯಂತ್ರದ ಅನಿಷ್ಟವೆಂದೇ ಬಗೆದು ನಿವಾರಿಸಲು ಹೆಣಗುತ್ತಿದ್ದ ಒಂದು ಪರಿಣಾಮವು ಇಲ್ಲಿ, ಒಂದು ಚಕ್ರವನ್ನೂ ಒಂದು ಸನ್ನೆಯನ್ನೂ ಬೇಡದೆ, ನಿಯಾಮಕವಾಗಿ ನಿಂತಿತು. ಬ್ರಶ್ಶನ್ನು ಆರ್ಮೇಚರು ತಿರುಗುವ ದಿಕ್ಕಿಗೆ ಸ್ವಲ್ಪ ಸರಿಸಿದರೆ ಉತ್ಪತ್ತಿಯು ಏರುವುದು. ಹಿಂದಕ್ಕೆ ಸರಿಸಿದರೆ ಇಳಿಯುವುದು. ಗಾಡಿಯು ಮಧ್ಯಮ ವೇಗದಲ್ಲಿರುವಾಗ ಅತ್ಯಧಿಕವಾದ ಉತ್ಪತ್ತಿಯು ಅದಕ್ಕೂ ಹೆಚ್ಚಿನ ವೇಗದಲ್ಲಿ ತಾನೇ ತಗ್ಗುತ್ತಿತ್ತು.

ಇಷ್ಟು ಸರಳವಾದ, ಅಗ್ಗವಾದ ಉಪಾಯದಲ್ಲಿ ಅಡಗಿದ್ದ ಕೇಡು ಯಾವುದೆಂದರೆ, ಅದು ಪ್ರವಾಹವನ್ನು ಕಾಯುತ್ತಿತ್ತೇ ಹೊರತು ವೋಲ್ಟನ್ನು ಕಾಯುತ್ತಿರಲಿಲ್ಲ. ಹಳೆಯ ಕೆರೆಗಳನ್ನು ಕಟ್ಟಿದವರು ನೀರು ಒಳಬರುವ ಕಾಲುವೆಯೊಡನೆ, ಕೆರೆ ತುಂಬಿದ ಮೇಲೆ ಹೆಚ್ಚಿನದು ಹರಿದುಹೋಗಲು ಕೋಡಿಯನ್ನೂ ತಪ್ಪದೆ ಇರಿಸುತ್ತಿದ್ದರು. ಮೂರನೆಯ ಬ್ರಶ್ಶಿನ ಡೈನಮೋ ಕೋಡಿಯಿಲ್ಲದ ಕೆರೆಗೆ ಬಿಟ್ಟ ಕಾಲುವೆಯಾಗಿದ್ದಿತು. ಅಷ್ಟೇ ಅಲ್ಲ, ಬ್ಯಾಟರಿಯು ತುಂಬುತ್ತ ಬಂದಂತೆ ಅದರ ವೋಲ್ಟು ಏರುವುದರಿಂದ, ಆ ಏರಿಕೆಯು ಕ್ಷೇತ್ರದ ಸುರುಳಿಯನ್ನೂ ತಲುಪಿ, ತುಂಬಿದ ಬ್ಯಾಟರಿಗೆ ಬರಿದಾದ ಬ್ಯಾಟರಿಗಿಂತ ಹೆಚ್ಚಿನ ಪ್ರವಾಹವೇ ಹರಿಯುತ್ತಿತ್ತು. ಬೇಸಗೆಯ ದೀರ್ಘ ಹಗಲಿನ ಪ್ರಯಾಣದಲ್ಲಿ ದೀಪದ ವೆಚ್ಚವಿಲ್ಲದೆ ಬ್ಯಾಟರಿಯ ದ್ರಾವಣವು ಕುದಿಯತೊಡಗುತ್ತಿತ್ತು, ನೀರು ಆರಿ ಸೀಸದ ಫಲಕಗಳು ಬಾಗುತ್ತಿದ್ದವು. ಚಳಿಗಾಲದ ನಗರದಲ್ಲಿ, ಸ್ವಲ್ಪ ದೂರ ಓಡಿ ನಿಲ್ಲುತ್ತ, ದೀಪವನ್ನು ಉರಿಸುತ್ತ ಹೋಗುವ ಗಾಡಿಯ ಬ್ಯಾಟರಿಯು ಬರಿದಾಗುತ್ತಿತ್ತು. ಆದುದರಿಂದಲೇ, ದೂರ ಪ್ರಯಾಣಕ್ಕೆ ಹೊರಟವರು ಹಗಲಿನಲ್ಲಿಯೂ ದೀಪಗಳನ್ನು ಹಚ್ಚಿಕೊಂಡು ಹೋಗಬೇಕೆಂದು ಅಂದಿನ ತಿಳಿವಳಿಕೆಯ ಪುಸ್ತಕಗಳು ಬೋಧಿಸುತ್ತಿದ್ದವು. ಇಂಗ್ಲೆಂಡಿನ ಲೂಕಸ್ ಸಂಸ್ಥೆಯವರು ಚಾಲಕನ ಮುಂದಿನ ಹಲಗೆಯ ಮೇಲೆ, ಬೇಸಗೆಗೆ ಅರ್ಧ, ಚಳಿಗಾಲಕ್ಕೆ ಪೂರ್ಣ ಎಂದು ತಿರುಗಿಸುವ ಗುಂಡಿಯನ್ನೇ ಇರಿಸಿದರು. ಅಮೆರಿಕದ ರೆಮಿ ಸಂಸ್ಥೆಯವರು ಇನ್ನೂ ಸೂಕ್ಷ್ಮವಾಗಿ ಯೋಚಿಸಿ, ಡೈನಮೋವಿನ ಒಳಗೇ ಎರಡು ಲೋಹಗಳ ಪಟ್ಟಿಯೊಂದನ್ನು ಅಳವಡಿಸಿದರು. ಒಳಗಿನ ಬಿಸಿಯು ಸುಮಾರು 80 ಡಿಗ್ರಿಗೆ ಏರಿದೊಡನೆ ಅದು ಬಾಗಿ ಸಂಪರ್ಕವನ್ನು ಬಿಡಿಸಿ, ಕ್ಷೇತ್ರದ ದಾರಿಯಲ್ಲಿ ಒಂದು ನಿರೋಧವನ್ನು ತರುತ್ತಿತ್ತು.

ಆದರೆ ನಿಜವಾದ ಅಪಾಯವಿದ್ದುದು ಬೇರೆಡೆಯಲ್ಲಿ. ಈ ಡೈನಮೋವಿನ ವೋಲ್ಟನ್ನು ಹಿಡಿದಿಡುವ ಲಂಗರೆಂದರೆ ಬ್ಯಾಟರಿಯೊಂದೇ. ಬ್ಯಾಟರಿಯ ತುದಿಯಲ್ಲಿ ಹಸುರು ಕಿಲುಬು ಕಟ್ಟಿತೆನ್ನಿ, ಭೂಸಂಪರ್ಕದ ಪಟ್ಟಿಯು ಸಡಿಲವಾಯಿತೆನ್ನಿ. ಪ್ರವಾಹಕ್ಕೆ ಹೋಗಲು ದಾರಿಯಿಲ್ಲದೆ ವೋಲ್ಟು ಎರಡರಷ್ಟು, ಮೂರರಷ್ಟು ಏರಿ, ಮೊದಲು ದೀಪದ ಬುರುಡೆಗಳು ಕಣ್ಣು ಕುಕ್ಕುವಂತೆ ಉರಿದು ಸಿಡಿಯುವುವು, ಬಳಿಕ ಕ್ಷೇತ್ರದ ಸುರುಳಿಯ ಹತ್ತಿಯ ಹೊದಿಕೆಯು ಕಮರುವುದು, ಕೊನೆಗೆ ಆರ್ಮೇಚರು ಸುಡುವುದು. ಗಾಡಿಯ ಒಡೆಯನು ಡೈನಮೋ ಕೆಟ್ಟಿತೆಂದು ಅದನ್ನು ಬಿಚ್ಚಿಸಿಕೊಂಡು ಬರುವನು. ದೋಷವಾದರೋ ಒಂದು ಬೋಲ್ಟಿನ ಸಡಿಲದಲ್ಲಿದೆ. ಬಲ್ಲ ರಿಪೇರಿಗಾರನು ಸುಟ್ಟ ಡೈನಮೋವನ್ನು ಮೇಜಿನ ಮೇಲಿಟ್ಟು ಗಾಡಿಯ ಕಡೆಗೆ ನಡೆಯುತ್ತಿದ್ದನು. ಅರೆಬಲ್ಲವನು ಗಾಡಿಯನ್ನು ಬಿಟ್ಟು ಮೇಜಿನ ಕಡೆಗೆ ಬರುತ್ತಿದ್ದನು. ನನ್ನ ಎಣಿಕೆಯಲ್ಲಿ ಈ ಇಬ್ಬರ ನಡುವಿನ ಅಂತರವೇ ಆ ವೃತ್ತಿಯ ಒಟ್ಟು ಸಾರ.

ಫೋರ್ಡ್ ಸಂಸ್ಥೆಯು ತನ್ನ ಟಿ ಮಾದರಿಯ ಗಾಡಿಗೆ 1919ರಲ್ಲಿ ಡೈನಮೋವನ್ನೂ ಸೆಲ್ಫ್ ಸ್ಟಾರ್ಟರನ್ನೂ ಕೊಡತೊಡಗಿದಾಗ ಈ ಸಂಕಟವು ಲಕ್ಷಾಂತರ ಮನೆಗಳ ಸಂಕಟವಾಯಿತು. ಅದಕ್ಕೆ ಹಿಂದೆ ಆ ಗಾಡಿಯ ಎಂಜಿನ್ನಿನ ಫ್ಲೈವೀಲಿನ ಮೇಲೆ ಬಿಗಿದ 16 ಅಯಸ್ಕಾಂತಗಳ ಮ್ಯಾಗ್ನೆಟೋವೇ ದೀಪಗಳನ್ನು ಉರಿಸುತ್ತಿದ್ದು, ಎಂಜಿನ್ನು ಮೆಲ್ಲಗೆ ಓಡಿದಾಗ ಬೆಳಕು ಮಂಕಾಗುತ್ತಿತ್ತು, ಜೋರಾಗಿ ಓಡಿದಾಗ ಬುರುಡೆಗಳು ಸುಡುತ್ತಿದ್ದವು. ಹೊಸ ಡೈನಮೋ ಈ ಕುಂದನ್ನು ನೀಗಿಸಿತಾದರೂ, ಬ್ಯಾಟರಿಯನ್ನು ಕಳಚಿ ಗಾಡಿಯನ್ನು ಓಡಿಸಿದವರಿಗೆ ಅದು ಕ್ಷಮೆಯನ್ನು ತೋರುತ್ತಿರಲಿಲ್ಲ. ಅಂಥ ಸಂದರ್ಭದಲ್ಲಿ ಡೈನಮೋವಿನ ತುದಿಯಿಂದ ಎಂಜಿನ್ನಿನ ಮೈಗೆ ಒಂದು ತಂತಿಯನ್ನು ಬಿಗಿಯಬೇಕೆಂದು ಫೋರ್ಡಿನ ಕೈಪಿಡಿಯು ವಿಧಿಸಿತ್ತು. ವಿದ್ಯುತ್ತಿನ ಎರಡು ತುದಿಗಳನ್ನು ನೇರವಾಗಿ ಕೂಡಿಸುವುದೆಂದರೆ ಯಂತ್ರವನ್ನು ಸುಡುವುದೆಂದೇ ತಿಳಿದ ಜನಕ್ಕೆ ಇದು ವಿಪರೀತವಾದ ಬುದ್ಧಿವಾದವಾಗಿ ಕಂಡಿರಬೇಕು. ಆದರೆ ತುದಿಗಳು ಕೂಡಿದೊಡನೆ ವೋಲ್ಟು ಕುಸಿಯುತ್ತದೆ, ವೋಲ್ಟು ಕುಸಿದರೆ ಕ್ಷೇತ್ರಕ್ಕೆ ಆಹಾರವಿಲ್ಲ, ಕ್ಷೇತ್ರವಿಲ್ಲದೆ ಉತ್ಪತ್ತಿಯಿಲ್ಲ; ತನ್ನನ್ನು ತಾನೇ ಪೋಷಿಸಿಕೊಳ್ಳುವ ಯಂತ್ರವು ಹೀಗೆ ಉಪವಾಸದಿಂದಲೇ ರಕ್ಷಿತವಾಗುತ್ತದೆ.

ಡೈನಮೋವಿನ ನೆತ್ತಿಯ ಮೇಲೆ ಇಲ್ಲವೇ ಪಕ್ಕದ ಹಲಗೆಯ ಮೇಲೆ ಕುಳಿತಿರುತ್ತಿದ್ದ ಸಣ್ಣ ಡಬ್ಬಿಯೇ ಕಟೌಟು. ಎಂಜಿನ್ನು ನಿಂತಾಗ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿದು ಡೈನಮೋವಿನಲ್ಲಿ ವ್ಯರ್ಥವಾಗದಂತೆ ತಡೆಯುವುದು ಇದರ ಕೆಲಸ. ಒಳಗೆ ಎರಡು ಸುರುಳಿಗಳು: ಕೂದಲಿನಷ್ಟು ತೆಳುವಾದ ತಂತಿಯದೊಂದು, ದಪ್ಪ ತಂತಿಯದೊಂದು. 6 ವೋಲ್ಟಿನ ಗಾಡಿಯಲ್ಲಿ ಡೈನಮೋವಿನ ವೋಲ್ಟು ಆರೂವರೆ, ಏಳಕ್ಕೆ ಏರಿದಾಗ ತೆಳುಸುರುಳಿಯು ನಾಲಗೆಯನ್ನು ಸೆಳೆದು ಸಂಪರ್ಕವನ್ನು ಕೂಡಿಸುವುದು. ಪ್ರವಾಹವು ಹಿಮ್ಮುಖವಾದೊಡನೆ ದಪ್ಪಸುರುಳಿಯು ಆ ಸೆಳೆತವನ್ನು ಅಳಿಸಿಹಾಕಿ, ಸ್ಪ್ರಿಂಗು ಅದನ್ನು ಬಿಡಿಸುವುದು. ಈ ಸಂಪರ್ಕದ ಬಿಂದುಗಳು ಕಿಡಿಯಿಂದ ಕುಳಿಬಿದ್ದು ಒಂದಕ್ಕೊಂದು ಬೆಸೆದುಕೊಂಡರೆ ಆಗುವ ಅನರ್ಥವು ಅಲ್ಪವಲ್ಲ. ಗಾಡಿ ನಿಂತಿದೆ, ಬ್ಯಾಟರಿಯು ತನ್ನ ಸರ್ವಸ್ವವನ್ನೂ ಡೈನಮೋವಿಗೆ ಸುರಿಯುತ್ತಿದೆ, ಡೈನಮೋ ಮೋಟಾರಾಗಿ ತಿರುಗಲೆಳಸಿ, ಎಂಜಿನ್ನಿಗೆ ಕಟ್ಟುಬಿದ್ದುದರಿಂದ ತಿರುಗಲಾರದೆ, ನಿಂತಲ್ಲಿಯೇ ಬೇಯುತ್ತಿದೆ. ಆಂಪಿಯರ್ ಮೀಟರಿನ ಮುಳ್ಳು ಎಡಗಡೆಯ ಅಂಚಿಗೆ ಬಡಿದು ನಿಂತಿರುವುದನ್ನು ಕಂಡ ಜಾಣ ಚಾಲಕನು ಮರುಕ್ಷಣವೇ ಬ್ಯಾಟರಿಯ ತಂತಿಯನ್ನು ಕಳಚುತ್ತಿದ್ದನು. ಬೆಳಗಾದ ಮೇಲೆ ನೋಡಿದವನಿಗೆ ಉಳಿಯುತ್ತಿದ್ದುದು ಬರಿದಾದ ಬ್ಯಾಟರಿ ಮತ್ತು ಸುಟ್ಟ ಅರಗಿನ ವಾಸನೆ.

ಇಂಥ ಬೆಸುಗೆಗೆ ಮತ್ತೊಂದು ಗೂಢವಾದ ಕಾರಣವೂ ಉಂಟು. ಡೈನಮೋ ತನ್ನ ಕಬ್ಬಿಣದಲ್ಲಿ ಉಳಿದ ಕಾಂತತ್ವದಿಂದ ಆರಂಭಿಸಬೇಕಷ್ಟೆ. ರಿಪೇರಿಯ ಸಮಯದಲ್ಲಿ ಯಾರಾದರೂ ಬ್ಯಾಟರಿಯ ತುದಿಗಳನ್ನು ತಲೆಕೆಳಗಾಗಿ ಮುಟ್ಟಿಸಿದ್ದರೆ ಆ ಕಾಂತತ್ವದ ಉತ್ತರ ದಕ್ಷಿಣಗಳೂ ತಲೆಕೆಳಗಾಗುವುವು. ಆಗ ಡೈನಮೋ ಸ್ವತಃ ನಿರ್ದೋಷಿಯಾಗಿದ್ದರೂ ವಿರುದ್ಧ ದಿಕ್ಕಿನ ವೋಲ್ಟನ್ನು ಹುಟ್ಟಿಸುವುದು. ಕಟೌಟು ಕೂಡಿದ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೂ ಡೈನಮೋವಿನ ವೋಲ್ಟೂ ಒಂದನ್ನೊಂದು ಎದುರಿಸುವುದಕ್ಕೆ ಬದಲಾಗಿ ಒಂದಕ್ಕೊಂದು ಕೂಡಿಕೊಂಡು, ಬಿಂದುಗಳು ಪಟಪಟನೆ ಬಡಿದುಕೊಳ್ಳುತ್ತ ಉರಿದುಹೋಗುವುವು. ಹೊಸ ಕಟೌಟನ್ನು ಹಾಕಿದರೆ ಅದೂ ಹಾಗೆಯೇ. ಚಿಕಿತ್ಸೆಯು ಕ್ಷಣಮಾತ್ರದ್ದು: ಎಂಜಿನ್ನನ್ನು ಎಬ್ಬಿಸುವ ಮೊದಲು, ಬ್ಯಾಟರಿಯ ಸರಿಯಾದ ತುದಿಯಿಂದ ಒಂದು ತಂತಿಯನ್ನು ತಂದು ಕ್ಷೇತ್ರದ ಸುರುಳಿಗೆ ಒಮ್ಮೆ ಸೋಕಿಸಿ ತೆಗೆದರೆ ಸಾಕು, ಕಬ್ಬಿಣವು ತನ್ನ ದಿಕ್ಕನ್ನು ಪುನಃ ಕಲಿತುಕೊಳ್ಳುತ್ತದೆ.

ಕಮ್ಯುಟೇಟರಿನ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಡೈನಮೋವಿನ ದೈನಂದಿನ ಕೇಡುಗಳ ತವರು ಅದು, ಮತ್ತು ನಮ್ಮ ದೇಶದ ಮಣ್ಣಿಗೂ ಮರಕ್ಕೂ ಈ ಕಥೆಯಲ್ಲಿ ಪಾಲು ದೊರೆಯುವುದೂ ಅಲ್ಲಿಯೇ. ತಾಮ್ರದ ಪಟ್ಟಿಗಳು ಒಂದನ್ನೊಂದು ಸೋಕದಂತೆ ಅವುಗಳ ನಡುವೆ ಅಭ್ರಕದ, ಎಂದರೆ ನಮ್ಮ ಜನರು ಕಾಗೆಬಂಗಾರವೆನ್ನುವ ವಸ್ತುವಿನ, ತೆಳುಹಾಳೆಗಳನ್ನು ಇರಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಲೋಕದ ಹಾಳೆಯಭ್ರಕದ ಬಹುಭಾಗವು ಹೊರಟುದು ಭಾರತದಿಂದ; ಅದರಲ್ಲಿಯೂ ಅಂದಿನ ಬಿಹಾರದ ಕೊಡರ್ಮಾ ಪ್ರದೇಶದ ಗಣಿಗಳಿಂದ. ಅಲ್ಲಿನ ಕೂಲಿಗಾರರು, ಹೆಂಗಸರು ಮಕ್ಕಳೆನ್ನದೆ, ಕತ್ತಿಯ ಮೊನೆಯಿಂದ ಹಾಳೆ ಹಾಳೆಯಾಗಿ ಸೀಳಿದ ಅಭ್ರಕದ ಚೂರುಗಳನ್ನು ಒಂದರ ಮೇಲೊಂದಿರಿಸಿ, ಅರಗಿನಿಂದ ಅಂಟಿಸಿ, ಬಿಸಿಯಲ್ಲಿ ಒತ್ತಿ ತಯಾರಿಸಿದ ಫಲಕಗಳು ಲೋಕದ ವಿದ್ಯುದ್ಯಂತ್ರಗಳೊಳಗೆಲ್ಲ ಸೇರಿಕೊಂಡವು; ಆ ಅರಗು ಕೂಡ ಬಹುಮಟ್ಟಿಗೆ ಛೋಟಾ ನಾಗಪುರದ ಕಾಡುಗಳ ಮುತ್ತುಗದ ಮರಗಳಿಂದಲೂ ಕುಸುಮದ ಮರಗಳಿಂದಲೂ ಬಂದುದು. ಡೆಟ್ರಾಯಿಟಿನ ಮೋಟಾರುಗಾಡಿಯ ಚರಿತ್ರೆಯನ್ನು ಬರೆಯುವವರು ಈ ಕೈಗಳನ್ನು ನೆನೆಯದೆ ಹೋಗುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಆದರೆ ಅಭ್ರಕಕ್ಕೆ ಒಂದು ಗುಣವಿದೆ: ಅದು ತಾಮ್ರಕ್ಕಿಂತ ಗಡುಸು. ಕೆನಡದ ಹೊಂಬಣ್ಣದ ಅಭ್ರಕವು ತಕ್ಕಮಟ್ಟಿಗೆ ಮೆದುವಾಗಿದ್ದು ತಾಮ್ರದೊಡನೆ ಸಮನಾಗಿ ಸವೆಯುತ್ತಿದ್ದುದರಿಂದ ಕಮ್ಯುಟೇಟರು ಮಾಡುವವರಿಗೆ ಅಚ್ಚುಮೆಚ್ಚಿನದಾಗಿತ್ತು. ಗಡುಸಾದ ಅಭ್ರಕವಿದ್ದಲ್ಲಿಯಾದರೋ, ಸಾವಿರಾರು ಮೈಲಿ ಓಡಿದ ಬಳಿಕ ತಾಮ್ರವು ಸವೆದು ಅಭ್ರಕದ ಅಂಚುಗಳು ಕೂದಲೆಳೆಯಷ್ಟು ಮೇಲೆದ್ದು ನಿಲ್ಲುವುವು, ಬ್ರಶ್ಶು ಅವುಗಳ ಮೇಲೆ ಎಡವಿ ಹಾರುವುದು, ಹಾರಿದಾಗಲೆಲ್ಲ ಕಿಡಿ, ಕಿಡಿಯಿಂದ ತಾಮ್ರವು ಕಪ್ಪಾಗಿ ಕುಳಿಬೀಳುವುದು, ಕುಳಿಯಿಂದ ಮತ್ತಷ್ಟು ಕಿಡಿ. ಬ್ರಶ್ಶು ಸವೆದಿದೆಯೆಂದು ಹೊಸ ಬ್ರಶ್ಶನ್ನು ಹಾಕಿದರೆ ಅದೂ ಬೇಗನೆ ಪುಡಿಯಾಗುವುದು. ಸರಿಯಾದ ಕ್ರಮವೆಂದರೆ, ಆರ್ಮೇಚರನ್ನು ಲೇತಿಗೆ ಏರಿಸಿ ಕಮ್ಯುಟೇಟರನ್ನು ದುಂಡಗೆ ಕಡೆದು, ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಹಲ್ಲುಗಳ ಅಗಲವನ್ನು ತಕ್ಕಂತೆ ಸಾಣೆಹಿಡಿದು, ಒಂದೊಂದು ಸಂದಿನ ಅಭ್ರಕವನ್ನೂ 1/32 ಅಂಗುಲದಷ್ಟು ಆಳಕ್ಕೆ ಕೆರೆದು ತೆಗೆಯುವುದು. ಬೇಸರವಿಲ್ಲದ ಕೈ ಬೇಕು ಇದಕ್ಕೆ. ಒಂದು ಸಂದಿನಲ್ಲಿ ಅಂಚಿಗೆ ಸ್ವಲ್ಪ ಅಭ್ರಕವು ಉಳಿದರೂ ಮಾಡಿದ ಶ್ರಮವೆಲ್ಲ ವ್ಯರ್ಥ. ಬಳಿಕ ನಯವಾದ ಗಾಜುಕಾಗದದಿಂದ ಮೆರುಗು ಕೊಡಬೇಕು. ಎಮರಿಕಾಗದವನ್ನು ಮಾತ್ರ ಸೋಕಿಸಬಾರದು, ಅದರ ಕಣಗಳು ಸಂದುಗಳಲ್ಲಿ ಕುಳಿತು ಪಟ್ಟಿಗಳನ್ನು ಕೆಡಿಸುತ್ತವೆಂಬುದು ಆ ಕಸುಬಿನಲ್ಲಿ ಗುರುವಿನಿಂದ ಶಿಷ್ಯನಿಗೆ ಹರಿದುಬಂದ ಕಟ್ಟಳೆ. ಎಣ್ಣೆಯೂ ಅಷ್ಟೇ ನಿಷಿದ್ಧ. ಬೇರಿಂಗಿಗೆ ಒಳ್ಳೆಯದೆಂದು ಧಾರಾಳವಾಗಿ ಎರೆದ ಎಣ್ಣೆಯು ಒಳಗೆ ಹರಿದು, ಕಾರ್ಬನ್ನಿನ ಹುಡಿಯೊಡನೆ ಕಲಸಿ, ಕರಿಯ ಅಂಟಾಗಿ ಬ್ರಶ್ಶನ್ನು ಅದರ ಗೂಡಿನಲ್ಲಿಯೇ ಹಿಡಿದು ನಿಲ್ಲಿಸಿಬಿಡುವುದು. ಗಾಡಿಯೊಡೆಯನ ಭಕ್ತಿಯೇ ಎಷ್ಟೋ ಡೈನಮೋಗಳ ಮೃತ್ಯುವಾಗಿದೆ.

ಆರ್ಮೇಚರು ಅತಿಯಾಗಿ ಕಾಯ್ದರೆ, ತಂತಿಯ ತುದಿಗಳನ್ನು ಕಮ್ಯುಟೇಟರಿಗೆ ಬೆಸೆದ ಸೀಸ ತವರಗಳ ಬೆಸುಗೆಯು ಕರಗಿ, ತಿರುಗುವ ರಭಸಕ್ಕೆ ಸುತ್ತಲೂ ಚಿಮ್ಮುತ್ತದೆ. ಬ್ರಶ್ಶುಗಳನ್ನು ಮುಚ್ಚಿದ ತಗಡಿನ ಪಟ್ಟಿಯನ್ನು ಸರಿಸಿ, ಅದರ ಒಳಮೈಯಲ್ಲಿ ಬೆಳ್ಳಗೆ ಹೊಳೆಯುವ ಬೆಸುಗೆಯ ಹನಿಗಳನ್ನು ಕಂಡ ರಿಪೇರಿಗಾರನು ಉಳಿದುದನ್ನು ಬಿಚ್ಚುವ ಮೊದಲೇ ಯಂತ್ರದ ಗತವೃತ್ತಾಂತವನ್ನು ಓದಿಕೊಳ್ಳುತ್ತಿದ್ದನು: ಇದು ಮಿತಿಮೀರಿ ದುಡಿದಿದೆ, ಮೂರನೆಯ ಬ್ರಶ್ಶನ್ನು ಯಾರೋ ಆಸೆಯಿಂದ ಮುಂದಕ್ಕೆ ಸರಿಸಿದ್ದಾರೆ, ಇಲ್ಲವೇ ಬ್ಯಾಟರಿಯ ದಾರಿಯು ಕಟ್ಟಿಹೋಗಿದೆ. ಆರ್ಮೇಚರಿನ ಕಬ್ಬಿಣದ ಮೇಲೆ ಒಂದೇ ಕಡೆ ಉಜ್ಜಿದ ಗೀರು ಕಂಡರೆ ಸವೆದ ಬುಷ್ಷು, ಅದರ ಹಿಂದೆ ಮಿತಿಗಿಂತ ಬಿಗಿಯಾದ ಬೆಲ್ಟು. ಸುರುಳಿಯೊಳಗೆ ಎರಡು ಸುತ್ತುಗಳು ತಮ್ಮತಮ್ಮಲ್ಲಿಯೇ ಕೂಡಿಕೊಂಡಿದ್ದರೆ ಮಾತ್ರ ಕಣ್ಣಿಗೆ ಏನೂ ಕಾಣದು. ಅದಕ್ಕಾಗಿ ಗ್ರೌಲರ್ ಎಂಬ ಉಪಕರಣವು ಬಂದಿತು. ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಆ ವಿದ್ಯುದಯಸ್ಕಾಂತದ ಎರಡು ದವಡೆಗಳ ನಡುವೆ ಆರ್ಮೇಚರನ್ನು ಕೂರಿಸಿ, ಹ್ಯಾಕ್ಸಾ ಬ್ಲೇಡನ್ನು ಮೇಲೆ ಹಿಡಿದು ಮೆಲ್ಲಗೆ ತಿರುಗಿಸುತ್ತ ಹೋದರೆ, ಕೆಟ್ಟ ಸುರುಳಿಯಿರುವ ತೋಡಿನ ಮೇಲೆ ಬ್ಲೇಡು ಝೇಂಕರಿಸಿ ಕಂಪಿಸುವುದು. ವಿದ್ಯುತ್ತು ಇನ್ನೂ ಬಾರದ ಊರಿನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿಯವನಿಗೆ ಉಳಿದ ಪರೀಕ್ಷೆಯೆಂದರೆ, ಬೆಲ್ಟನ್ನು ಕಳಚಿ, ಕಟೌಟಿನ ನಾಲಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಬ್ಯಾಟರಿಯ ಬಲದಿಂದ ಡೈನಮೋ ಮೋಟಾರಾಗಿ ತಿರುಗುವುದೋ ಇಲ್ಲವೋ ನೋಡುವುದು. ಸಮನಾಗಿ ತಿರುಗಿದರೆ ಬ್ರಶ್ಶು, ಆರ್ಮೇಚರು, ಕ್ಷೇತ್ರ ಮೂರೂ ತಕ್ಕಮಟ್ಟಿಗೆ ಸ್ವಸ್ಥವಾಗಿವೆಯೆಂದು ನಂಬಬಹುದು, ತಡವರಿಸಿ ನಿಂತರೆ ಬಿಚ್ಚಲೇಬೇಕು.

ಇಂಥ ಅರಿವನ್ನು ಪುಸ್ತಕಗಳಿಗೆ ಇಳಿಸುವ ಪ್ರಯತ್ನವೂ ನಡೆಯಿತು. ಸೇಂಟ್ ಲೂಯಿಯ ಎ. ಎಲ್. ಡೈಕನ ಮೋಟಾರು ವಿಶ್ವಕೋಶದಲ್ಲಿ ತರತರದ ಗಾಡಿಗಳ ತಂತಿಗಳ ನಕ್ಷೆಗಳು ಪುಟಪುಟವಾಗಿ ಅಚ್ಚಾಗಿವೆ. ಮೋಟಾರು ಮೆಕ್ಯಾನಿಕನಿಂದ ಬೇರೆಯಾಗಿ, ವಿದ್ಯುತ್ತಿನ ಕೆಲಸವನ್ನು ಮಾತ್ರ ಮಾಡುವ ಎಲೆಕ್ಟ್ರೀಷಿಯನ್ ಎಂಬ ಪ್ರತ್ಯೇಕ ಕಸುಬುದಾರನು ಹುಟ್ಟಿದುದು ಈ ಡೈನಮೋವಿನಿಂದಲೇ. ಪಶ್ಚಿಮದ ದೇಶಗಳಲ್ಲಿ ಕೂಲಿಯು ದುಬಾರಿಯಾದಂತೆ, ಕೆಟ್ಟ ಡೈನಮೋವನ್ನು ಕೊಟ್ಟು ದುರಸ್ತಾದ ಮತ್ತೊಂದನ್ನು ಬದಲಿಗೆ ಪಡೆಯುವ ಪದ್ಧತಿಯು ಬೆಳೆಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಜೆ. ಸಿ. ರಸ್ತೆಯಂಥ ಬೀದಿಗಳಲ್ಲಿ, ಸುಟ್ಟ ಆರ್ಮೇಚರಿನ ತಂತಿಯನ್ನು ಬಿಚ್ಚಿ, ಸುತ್ತುಗಳನ್ನು ಎಣಿಸಿ, ಅದೇ ಗೇಜಿನ ಹೊಸ ತಂತಿಯನ್ನು ಕೈಯಿಂದಲೇ ಸುತ್ತಿ, ವಾರ್ನಿಷಿನಲ್ಲಿ ಅದ್ದಿ ಒಣಗಿಸಿ ಕೊಡುವವರು ಇದ್ದರು. ಮೋರಿಸ್, ಆಸ್ಟಿನ್ ಗಾಡಿಗಳೂ, ತರುವಾಯ ಅಂಬಾಸಿಡರಿನ ಮೊದಲ ವರ್ಷಗಳ ಗಾಡಿಗಳೂ ಅವರ ಕೈಗಳಿಂದ ಪುನರ್ಜನ್ಮವನ್ನು ಪಡೆದುವು. ಎಣಿಕೆಯಲ್ಲಿ ಒಂದೆರಡು ಸುತ್ತು ತಪ್ಪಿದರೂ ಉತ್ಪತ್ತಿಯು ಬದಲಾಗುವ ಕೆಲಸವಿದು. ಇದನ್ನು ಕೀಳೆಂದು ಬಗೆದ ನಮ್ಮ ವಿದ್ಯಾವಂತರ ದೃಷ್ಟಿಯು ಸರಿಯಾದುದಲ್ಲ.

1930ರ ದಶಕದ ನಡುವಿನಲ್ಲಿ ಮೂರನೆಯ ಬ್ರಶ್ಶಿನ ಆಳ್ವಿಕೆಯು ಇಳಿಮುಖವಾಯಿತು. ಕಟೌಟಿನ ಪಕ್ಕದಲ್ಲಿಯೇ, ವೋಲ್ಟು ಏರಿದೊಡನೆ ಕ್ಷಣಕ್ಕೆ ಹತ್ತಾರು ಬಾರಿ ಕಂಪಿಸುತ್ತ ಕ್ಷೇತ್ರದ ದಾರಿಯಲ್ಲಿ ನಿರೋಧವನ್ನು ಸೇರಿಸಿ ತೆಗೆಯುವ ಮತ್ತೊಂದು ನಾಲಗೆಯನ್ನು, ಎಂದರೆ ರೆಗ್ಯುಲೇಟರನ್ನು, ಇರಿಸಿದರು. ಅಮೆರಿಕದಲ್ಲಿ ಪ್ರವಾಹವನ್ನು ಕಾಯಲು ಮೂರನೆಯದೊಂದೂ ಸೇರಿತು. ಬ್ಯಾಟರಿಯು ಬರಿದಾಗಿದ್ದರೆ ಹೆಚ್ಚು, ತುಂಬಿದ್ದರೆ ಕಡಿಮೆ ಎಂಬ ವಿವೇಕವು ಡೈನಮೋವಿಗೆ ಕೊನೆಗೂ ಬಂದಿತು. ರೆಗ್ಯುಲೇಟರಿನ ಬಿಂದುಗಳು ಬೆಸೆದುಕೊಂಡಾಗ ಬ್ಯಾಟರಿಯ ದ್ರಾವಣವು ಪುನಃ ಕುದಿಯುತ್ತಿತ್ತೆನ್ನುವುದು ನಿಜ. ಆದರೆ ಆ ಕೇಡು ಹುಡುಕಿದರೆ ಸಿಕ್ಕುವ ಸ್ಥಳದಲ್ಲಿದ್ದಿತು.

1960ರ ಮಾದರಿಯ ವೇಲಿಯಂಟ್ ಗಾಡಿಯೊಡನೆ ಕ್ರೈಸ್ಲರ್ ಸಂಸ್ಥೆಯು ಆಲ್ಟರ್ನೇಟರನ್ನು ಸಾಮಾನ್ಯ ಗಾಡಿಗೆ ತಂದಿತು. ಇದರಲ್ಲಿ ತಿರುಗುವುದು ಕ್ಷೇತ್ರ, ನಿಲ್ಲುವುದು ಉತ್ಪತ್ತಿಯ ಸುರುಳಿ; ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವ ಕೆಲಸವನ್ನು ಸಿಲಿಕಾನ್ ಡಯೋಡುಗಳು ಮಾಡುವುದರಿಂದ ಕಮ್ಯುಟೇಟರೂ, ಅದರ ಅಭ್ರಕವೂ, ಕಟೌಟೂ ಒಮ್ಮೆಗೇ ನಿರುದ್ಯೋಗಿಗಳಾದುವು. ಆದರೆ ಡೈನಮೋವಿನ ಮೇಲೆ ಪಳಗಿದ ಕೈಗಳಿಗೆ ಇದು ಹೊಸ ಸಂಕಟವನ್ನು ತಂದಿತು. ಬ್ಯಾಟರಿಯಿಲ್ಲದಾಗ ತುದಿಯನ್ನು ಎಂಜಿನ್ನಿನ ಮೈಗೆ ಕೂಡಿಸುವ ಹಳೆಯ ರಕ್ಷೆಯು ಇಲ್ಲಿ ವಿನಾಶಕ್ಕೆ ದಾರಿ. ಕ್ಷೇತ್ರದ ಆಹಾರವು ಬೇರೆ ಕಡೆಯಿಂದ ಬರುತ್ತಿದ್ದಲ್ಲಿ ಡಯೋಡುಗಳು ಸುಟ್ಟೇ ಹೋಗುವುವು. ಬ್ಯಾಟರಿಯನ್ನು ತಲೆಕೆಳಗಾಗಿ ಮುಟ್ಟಿಸಿದರೂ ಅಷ್ಟೇ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ, ಯಂತ್ರವು ನಿಲ್ಲದಿದ್ದರೆ ಚಾರ್ಜು ಆಗುತ್ತಿದೆಯೆಂದು ತೀರ್ಮಾನಿಸುವ ಬೀದಿಯ ಪರೀಕ್ಷೆಯೂ, ಕ್ಷಣಾರ್ಧದಲ್ಲಿ ನೆಗೆಯುವ ವೋಲ್ಟಿನಿಂದ ಡಯೋಡನ್ನು ಒಡೆಯತೊಡಗಿತು. ಎಲೆಕ್ಟ್ರೀಷಿಯನ್ನರು ಈ ಅಭ್ಯಾಸಗಳನ್ನು ಒಂದೊಂದಾಗಿ ಮರೆಯಬೇಕಾಯಿತು. ಡಯೋಡಿನ ಎರಡು ತುದಿಗಳಿಗೆ ಬ್ಯಾಟರಿಯನ್ನೂ ಸಣ್ಣ ಬುರುಡೆಯನ್ನೂ ಕೂಡಿಸಿ, ಒಂದು ದಿಕ್ಕಿನಲ್ಲಿ ಬುರುಡೆಯು ಹತ್ತಿ ಇನ್ನೊಂದು ದಿಕ್ಕಿನಲ್ಲಿ ಹತ್ತದಿದ್ದರೆ ಅದು ಒಳ್ಳೆಯದು, ಎರಡರಲ್ಲಿಯೂ ಹತ್ತಿದರೆ ಒಡೆದಿದೆ, ಎರಡರಲ್ಲಿಯೂ ಹತ್ತದಿದ್ದರೆ ತುಂಡಾಗಿದೆ ಎಂಬ ಪಾಠವನ್ನು ಹೊಸದಾಗಿ ಕಲಿತರು.